ನೀರು ಬಚ್ಚಿಟ್ಟ ಶಾಖ

ಕುಶಾಲನಗರಕ್ಕೆ ಸಮೀಪದ ದುಬಾರೆಯಲ್ಲಿ ಕಾವೇರಿಯು ಬಂಡೆಗಳ ನಡುವೆ ಹರಿಯುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಆ ಬಂಡೆಗಳ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಕಷ್ಟ. ಒಂದು ಹೆಜ್ಜೆ ಕೆಳಗಿಳಿದರೆ ನೀರು ತಂಪಾಗಿರುತ್ತದೆ. ಮರುದಿನ ನಸುಕಿನಲ್ಲಿ ಅದೇ ಬಂಡೆ ತಣ್ಣಗೆ ಕೊರೆಯುತ್ತದೆ. ನೀರಾದರೋ ಹೆಚ್ಚೇನೂ ಬದಲಾಗಿರುವುದಿಲ್ಲ. ಎರಡರ ಮೇಲೂ ಬಿದ್ದ ಬಿಸಿಲು ಒಂದೇ ಆಗಿರುವಾಗ ಈ ಭೇದವೇಕೆ?

ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಅಷ್ಟೇ ತೂಕದ ಕಲ್ಲಿಗೆ ಇದರಲ್ಲಿ ಸುಮಾರು ಐದನೆಯ ಒಂದು ಭಾಗ ಸಾಕು. ಪದಾರ್ಥದ ಈ ಗುಣಕ್ಕೆ ವಿಶಿಷ್ಟೋಷ್ಣವೆಂದು ಹೆಸರು. ಅಲ್ಲದೆ ನೀರು ಮೇಲುಕೆಳಗಾಗಿ ಬೆರೆಯುತ್ತ ಶಾಖವನ್ನು ಆಳಕ್ಕೆ ಹಂಚುತ್ತದೆ. ಬಂಡೆಯಲ್ಲಿ ಮೇಲ್ಪದರವಷ್ಟೇ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಿಧಾನವಾಗಿ ಕಾದ ನೀರು ನಿಧಾನವಾಗಿಯೇ ಶಾಖವನ್ನು ಬಿಟ್ಟುಕೊಡುತ್ತದೆ. ಕಡಲ ದಂಡೆಯ ಮಂಗಳೂರಿನಲ್ಲಿ ಬೇಸಿಗೆಯ ರಾತ್ರಿಯೂ ಸೆಕೆ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ನೀರಿನ ನಿಜವಾದ ಸಾಮರ್ಥ್ಯವನ್ನು ಕಾಣಬೇಕಾದರೆ ಅಡುಗೆಮನೆಗೆ ಹೋಗಬೇಕು. ಮಡಿಕೇರಿಯು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿದೆ. ವಾಯುವಿನ ಒತ್ತಡ ಕಡಿಮೆಯಾದುದರಿಂದ ಅಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಕುದಿಯತೊಡಗಿದ ಮೇಲೆ ಎಷ್ಟು ಸೌದೆ ಒಟ್ಟಿದರೂ ಉಷ್ಣತೆ ಏರದು. ಒಲೆಯ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ವೆಚ್ಚವಾಗುತ್ತದೆ. ಒಂದು ಕಿಲೋಗ್ರಾಂ ನೀರಿಗೆ ಸುಮಾರು 540 ಕಿಲೋಕ್ಯಾಲೊರಿ! ಉಷ್ಣಮಾಪಕಕ್ಕೆ ಸಿಕ್ಕದೆ ಅಡಗಿ ಕುಳಿತ ಈ ಶಾಖವೇ ಗುಪ್ತೋಷ್ಣ. 1760ರ ದಶಕದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದನು. ಹಬೆಯ ಪಾತ್ರೆಯಲ್ಲಿಟ್ಟ ಅಕ್ಕಿತರಿಯ ಉಂಡೆಗಳನ್ನು ಬೇಯಿಸಿ ಕಡಂಬುಟ್ಟನ್ನಾಗಿ ಮಾಡುವುದು ಇದೇ ಶಾಖ. ತಣ್ಣನೆಯ ಉಂಡೆಯನ್ನು ಮುಟ್ಟಿದೊಡನೆ ಹಬೆಯು ನೀರಾಗಿ, ಬಚ್ಚಿಟ್ಟುದನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಕೈಗೆ ತಗುಲಿದರೂ ಹಾಗೆಯೇ. ಮುಚ್ಚಳವನ್ನು ತನ್ನ ಕಡೆಗೆ ತೆರೆಯಬಾರದೆಂದು ಹಿರಿಯರು ಗದರಿಸುವುದು ಸುಮ್ಮನೆ ಅಲ್ಲ.

ಅಡುಗೆಮನೆಯ ಈ ವ್ಯಾಪಾರವೇ ಆಕಾಶದಲ್ಲಿಯೂ ನಡೆಯುತ್ತದೆ. ಬೇಸಿಗೆಯಲ್ಲಿ ಅರಬ್ಬೀ ಸಮುದ್ರದಿಂದ ಎದ್ದ ಆವಿಯು ಸೂರ್ಯನ ಶಾಖವನ್ನು ಒಡಲಲ್ಲಿಟ್ಟುಕೊಂಡಿರುತ್ತದೆ. ನೈಋತ್ಯ ಮಾರುತವು ಅದನ್ನು ತಂದು ಪಶ್ಚಿಮಘಟ್ಟಕ್ಕೆ ಒಡ್ಡಿದಾಗ ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಆವಿಯು ಹನಿಗಟ್ಟುತ್ತದೆ. ಒಂದು ಚದರ ಮೀಟರು ನೆಲದ ಮೇಲೆ ಒಂದೇ ಮಿಲಿಮೀಟರು ಮಳೆ ಬಿದ್ದರೂ ಅದು ಒಂದು ಲೀಟರು ನೀರು. ಅದು ಹನಿಗಟ್ಟುವಾಗ ಬಿಟ್ಟುಕೊಡುವ ಶಾಖವು ಏಳು ಲೀಟರು ತಣ್ಣೀರನ್ನು ಮಡಿಕೇರಿಯ ಒಲೆಯ ಮೇಲೆ ಕುದಿಯುವ ಮಟ್ಟಕ್ಕೆ ತರಬಲ್ಲುದು. ಈ ಶಾಖದಿಂದ ಸುತ್ತಲಿನ ಗಾಳಿ ಹಗುರವಾಗಿ ಇನ್ನೂ ಮೇಲಕ್ಕೇರುತ್ತದೆ. ಕೆಳಗಿನಿಂದ ಮತ್ತಷ್ಟು ತೇವದ ಗಾಳಿ ನುಗ್ಗುತ್ತದೆ. ಮಳೆಯೇ ಮಳೆಯನ್ನು ಕರೆದಂತೆ!

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಎಡೆಬಿಡದೆ ಮಳೆ ಸುರಿಯಿತು. ನೆನೆದ ಗುಡ್ಡಗಳು ಜೋಡುಪಾಲ, ಮಕ್ಕಂದೂರು ಮೊದಲಾದೆಡೆ ಕುಸಿದು ಜೀವಹಾನಿಯಾಯಿತು. ಮನೆ, ತೋಟಗಳು ಮಣ್ಣಿನಡಿ ಸೇರಿದವು. ಕುಸಿತಕ್ಕೆ ಇಳಿಜಾರನ್ನು ಕಡಿದ ಕೆಲಸಗಳೂ ಸಹಕರಿಸಿದವೆಂಬುದು ನಿಜ. ಮಳೆಯ ಮಾತಾದರೋ ಕಡಲಿಗೇ ಸೇರಿದುದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ಆವಿಯು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರವು ಕೆಲವು ದಶಕಗಳಿಂದ ಬಿಸಿಯಾಗುತ್ತ ಬಂದಿದೆ.