ಗಡ್ಡಕ್ಕೆ ಬಿಸಿನೀರೇಕೆ?

ಹೆಮ್ಮಿಗೆಯ ನೆಂಟರ ಮನೆಯಲ್ಲಿ ಮಕ್ಕಳೊಡನೆ ರಜಾದಿನ ಕಳೆದು, ಸಂಜೆ ಹಂಡೆಯ ಬಿಸಿನೀರು ಮೊಗೆದುಕೊಂಡು ಕ್ಷೌರಕ್ಕೆ ಕುಳಿತೆ. “ದೀಪ ಹಚ್ಚುವ ಹೊತ್ತಿನಲ್ಲಿ ಕ್ಷೌರವೇನಪ್ಪ!” ಎಂದು ಅಜ್ಜಿ ಗೊಣಗಿದರು. ಬೆಳಗಿನ ಅವಸರದಲ್ಲಿ ಒಣಗಡ್ಡವನ್ನು ಕೆರೆದುಕೊಂಡು, ಗಾಯದೊಡನೆ ತರಗತಿಗೆ ಹೋದವನ ಪಾಡು ಅವರಿಗೇನು ಗೊತ್ತು?

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಎಳೆಗಳನ್ನು ಬಿಗಿದಿರುವ ಹೈಡ್ರೊಜನ್ ಬಂಧಗಳಲ್ಲಿ ಅನೇಕವನ್ನು ನೀರು ಬಿಡಿಸುತ್ತದೆ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರನ್ನು ಹೀರಬಲ್ಲ ಕೂದಲು ಉಬ್ಬಿ ಮೆತ್ತಗಾಗುತ್ತದೆ. ಕತ್ತರಿಸಲು ಕಡಿಮೆ ಬಲ ಸಾಕು. ಆದರೆ ಇದಕ್ಕೆ ಕೆಲವು ನಿಮಿಷಗಳ ತಾಳ್ಮೆ ಬೇಕು. ಆ ತೇವವು ಆರದಂತೆ ಕಾಯುವುದೂ ಅಲಗನ್ನು ಜಾರಿಸುವುದೂ ನೊರೆಯ ಕೆಲಸ.

ಉಕ್ಕಿನ ಅಲಗು ಕೂದಲಿಗಿಂತ ಸುಮಾರು 50 ಮಡಿ ಕಠಿನ. ಆದರೂ ಅದು ಮೊಂಡಾಗುವುದೇಕೆ? ಅಂಚು ಬರಿದೇ ಸವೆಯುವುದಿಲ್ಲ; ಬಾಗಿದ ಕೂದಲು ತಗುಲಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಚಕ್ಕೆಯೇಳುತ್ತದೆಂದು ಅಮೆರಿಕದ ಎಂ.ಐ.ಟಿ. ಸಂಶೋಧಕರು 2020ರಲ್ಲಿ ತೋರಿಸಿದರು.

ಮಗಳು ನನ್ನ ಗಲ್ಲ ಸವರಿ ನಕ್ಕಳು. ಅಜ್ಜಿ ಮಾತ್ರ ಇನ್ನೂ ಗೊಣಗುತ್ತಲೇ ಇದ್ದರು.