ಹುಳು ಮನೆಯ ಕೆಂಪು ಟವೆಲ್ಲು

ಶಿಡ್ಲಘಟ್ಟದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮಣ್ಣ ಬಿ.ಎಸ್ಸಿ. ಓದಿದವನು. ಆದರೂ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ನಿದ್ದೆಯಿಂದ) ಎದ್ದ ಮೇಲೆ ಗೂಡು ಬಿಡಿಸುವವರೆಗೆ ಅವನ ಹೆಗಲ ಮೇಲೆ ಅದೇ ಹಳೇ ಕೆಂಪು ಟವೆಲ್ಲು ಇರಲೇಬೇಕು. ಒಗೆಯೋದಕ್ಕೂ ಬಿಡಲ್ಲ. ಹಿಂದೊಮ್ಮೆ ಅದನ್ನು ಹಾಕಿಕೊಂಡಿದ್ದಾಗ ಬೆಳೆ ಚೆನ್ನಾಗಾಗಿ, ಮಾರ್ಕೆಟ್ಟಿನಲ್ಲಿ ಒಳ್ಳೇ ರೇಟು ಸಿಕ್ಕಿತ್ತಂತೆ. ಓದಿದವರಿಗೂ ಯಾಕೆ ಸಾರ್ ಹೀಗೆ?’

ಇಂಥ ಪ್ರಶ್ನೆ ಬಂದರೆ ನನಗೆ ಹಬ್ಬ. ಏಕೆಂದರೆ ಇದರ ಉತ್ತರ ಒಂದು ಪಾರಿವಾಳದಿಂದ ಶುರುವಾಗುತ್ತದೆ.

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹಸಿದ ಎಂಟು ಪಾರಿವಾಳಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟ. ಕಾಳಿನ ಡಬ್ಬಿ ಗಡಿಯಾರದ ಲೆಕ್ಕದಲ್ಲಿ ತಾನಾಗಿ ಬಂದು ಹೋಗುತ್ತಿತ್ತು. ಹಕ್ಕಿ ಏನು ಮಾಡಿದರೂ, ಮಾಡದಿದ್ದರೂ ಕಾಳು ಬರುವ ಹೊತ್ತಿಗೆ ಬರುತ್ತಿತ್ತು. ಆದರೂ ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ‘ಆಚಾರ’ ಹಿಡಿದವು. ಒಂದು ಅಪ್ರದಕ್ಷಿಣೆ ಹಾಕಿತು. ಇನ್ನೊಂದು ಪೆಟ್ಟಿಗೆಯ ಮೇಲಿನ ಮೂಲೆಗೆ ತಲೆ ಚಾಚಿತು. ಕಾಳು ಬಂದ ಗಳಿಗೆಯಲ್ಲಿ ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತೆಂದು ಹಕ್ಕಿ ಗಂಟು ಹಾಕಿಕೊಂಡಿತು ಎಂಬುದು ಸ್ಕಿನ್ನರನ ವಿವರಣೆ. ಹಸಿದು ಕಾಯುವ ಹಕ್ಕಿ ಸಹಜವಾಗಿಯೇ ಮಾಡುವ ಚಲನೆಗಳೂ ಅದರಲ್ಲಿ ಸೇರಿವೆ ಎಂದು 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹ್ಯಾಗ್ ತಿದ್ದಿದರು. ನನ್ನನ್ನು ಬೆರಗಾಗಿಸುವುದು ಬೇರೆಯೇ ಸಂಗತಿ: ಕಾಲು ಬದಲಿಸಿ ಕುಪ್ಪಳಿಸುತ್ತಿದ್ದ ಒಂದು ಹಕ್ಕಿಗೆ ಕಾಳು ಬರುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ, ಆ ಅಭ್ಯಾಸ ಬಿಡುವಷ್ಟರಲ್ಲಿ ಅದು 10,000ಕ್ಕೂ ಹೆಚ್ಚು ಸಲ ಕುಪ್ಪಳಿಸಿತ್ತು!

ಹಕ್ಕಿಗೆ ಬುದ್ಧಿ ಕಮ್ಮಿ ಎನ್ನಬೇಡಿ. 1987ರಲ್ಲಿ ಜಪಾನಿನ ಕೊಯಿಚಿ ಓನೊ ಇಪ್ಪತ್ತು ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಮೂರು ಹಿಡಿಕೆಗಳಿದ್ದ ಕೋಣೆಯಲ್ಲಿ ಕೂರಿಸಿ, ಹೆಚ್ಚು ಅಂಕ ಗಳಿಸಿ ಎಂದ. ಹಿಡಿಕೆಗೂ ಅಂಕಕ್ಕೂ ಸಂಬಂಧವೇ ಇರಲಿಲ್ಲ. ಕೆಲವರು ಹಿಡಿಕೆ ಎಳೆಯುವ ತಮ್ಮದೇ ಕ್ರಮ ಕಟ್ಟಿಕೊಂಡರು. ಒಬ್ಬಾಕೆ ಮೇಜು ಹತ್ತಿ, ಗೋಡೆ ಮುಟ್ಟಿ, ಕೆಳಕ್ಕೆ ಹಾರಿದಾಗ ಒಂದು ಅಂಕ ಬಂತು. ಆಮೇಲೆ ಕೈಯಲ್ಲಿ ಚಪ್ಪಲಿ ಹಿಡಿದು ಸೂರು ಮುಟ್ಟುವಂತೆ ಮತ್ತೆ ಮತ್ತೆ ಹಾರತೊಡಗಿದಳು, ದಣಿದು ನಿಲ್ಲುವವರೆಗೂ.

ಈಗ ಟವೆಲ್ಲಿಗೆ ಬರೋಣ. ಫಲ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಕಡೆ ಇಂಥ ಗಂಟುಗಳು ಬಲು ಬೇಗ ಬೀಳುತ್ತವೆ. ಟ್ರೋಬ್ರಿಯಾಂಡ್ ದ್ವೀಪದವರು ಹಿನ್ನೀರಿನ ಸುಲಭದ ಮೀನುಗಾರಿಕೆಗೆ ಯಾವ ಮಂತ್ರವನ್ನೂ ಹಾಕುವುದಿಲ್ಲ, ತೆರೆದ ಕಡಲಿಗೆ ಇಳಿಯುವಾಗ ಮಾತ್ರ ಹಾಕುತ್ತಾರೆ ಎಂದು ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಗುರುತಿಸಿದ್ದ. ರೇಷ್ಮೆ ರೈತನದು ತೆರೆದ ಕಡಲೇ. ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ ಹುಳು ಹಣ್ಣಾಗುವ ಹೊತ್ತಿಗೆ ಹಾಲು ರೋಗಕ್ಕೋ ಸಪ್ಪೆ ರೋಗಕ್ಕೋ ಹೋಗಬಹುದು. ಉಳಿದು ಗೂಡಾದರೂ ಹರಾಜಿನ ರೇಟು ಯಾರ ಕೈಯಲ್ಲೂ ಇಲ್ಲ. ಚಿಂತಾಮಣಿಯ ಟೊಮೆಟೊ ಬೆಳೆಗಾರರಿಗೂ ಇದು ಗೊತ್ತಿರುವ ಮಾತೇ.

ಹೊರಗಿನವರನ್ನು ಹುಳು ಮನೆಗೆ ಬಿಡಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಬಿಡಬಾರದು ಎಂಬುದು ಸರಿ, ಕಾರಣ ಪೂರ್ತಿ ತಪ್ಪು. ಹಾಲು ರೋಗದ ಹುಳುವಿನ ಚರ್ಮ ಒಡೆದು ಸುರಿಯುವ ಬಿಳಿ ದ್ರವದಲ್ಲಿ ವೈರಸ್ ತುಂಬಿರುತ್ತದೆ. ಅದು ಕೈಗೆ, ಕಾಲಿಗೆ, ಬಟ್ಟೆಗೆ ಅಂಟಿ ಮನೆಯಿಂದ ಮನೆಗೆ ಹೋಗುತ್ತದೆ. ದೃಷ್ಟಿಯೇ ಕಾರಣವೆಂದರೆ ಗೊಂಬೆ ಕಟ್ಟಿ ಸುಮ್ಮನಾಗುತ್ತೇವೆ. ವೈರಸ್ ಎಂದು ಗೊತ್ತಾದರೆ ಬ್ಲೀಚಿಂಗ್ ಪುಡಿ, ಸುಣ್ಣ ತರುತ್ತೇವೆ. ಒಂದು ಬೆಳೆಯಿಂದ ಇನ್ನೊಂದಕ್ಕೆ ಒಗೆಯದೆ ಬಂದ ಆ ಟವೆಲ್ಲು ಅದೃಷ್ಟ ತರುವುದಿರಲಿ, ರೋಗವನ್ನೇ ಹೊತ್ತು ತರಬಹುದು. ದಯವಿಟ್ಟು ಅಣ್ಣನಿಗೆ ಹೇಳಿ, ಒಗೆಸಿ.

ಟವೆಲ್ಲನ್ನಾದರೂ ಕ್ಷಮಿಸಬಹುದು. ಬೆಳೆ ಹೋದಾಗ ‘ಮುಟ್ಟಾದವಳು ಒಳಗೆ ಬಂದಿದ್ದಳು’ ಎಂದು ಮನೆಯ ಸೊಸೆಯ ಮೇಲೆ ಹೊರಿಸುವುದನ್ನು ಕ್ಷಮಿಸಲಾಗದು. ಸೊಪ್ಪು ಕತ್ತರಿಸಿ, ಕಸ ಬಳಿದು, ನಿದ್ದೆಗೆಟ್ಟು ಹುಳು ಉಳಿಸುವವಳೇ ಅವಳು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದ್ದರು. ಅವರ ಸೀಮೆಯಲ್ಲಿ ಇಂಥ ಆರೋಪಕ್ಕೆ ಇನ್ನೂ ಕಿವಿಗೊಡುವವರಿದ್ದಾರೆ ಎಂಬುದು ನನಗೆ ನೋವಿನ ವಿಷಯ.

ಇನ್ನೊಂದು ಮಾತನ್ನೂ ಹೇಳಬೇಕು. ಟವೆಲ್ಲು ಸಿಗದಿದ್ದರೆ ಅಣ್ಣ ಗೊಣಗಿ ಕೆಲಸಕ್ಕೆ ಹೋಗುತ್ತಾನೆಯೇ? ಹಾಗಿದ್ದರೆ ಅದು ಕಾಯಿಲೆಯಲ್ಲ. ಆದರೆ ಕೆಲವರು ಚಿಲಕವನ್ನು ಮತ್ತೆ ಮತ್ತೆ ನೋಡುತ್ತಾರೆ, ಚರ್ಮ ಸುಲಿಯುವವರೆಗೆ ಕೈ ತೊಳೆಯುತ್ತಾರೆ. ಹಾಗೆ ಮಾಡದಿದ್ದರೆ ಮಕ್ಕಳಿಗೆ ಏನೋ ಆಗುತ್ತದೆಂದು ನಡುಗುತ್ತಾರೆ. ಅದು ಅರ್ಥವಿಲ್ಲದ್ದೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತು, ಆದರೂ ಬಿಡಲಾಗದು. ಇದು ಗೀಳು ಕಾಯಿಲೆ. ಗ್ರಹಚಾರವಲ್ಲ, ಗಾಳಿ ಸೋಕಿದ್ದಲ್ಲ, ಕೊಬ್ಬೂ ಅಲ್ಲ. ತಾಯತ ಕಟ್ಟಿದರೆ ಮುಟ್ಟಿ ಸಮಾಧಾನಪಡಲು ಇನ್ನೊಂದು ವಸ್ತು ಸೇರಿಕೊಂಡಂತಾಗುತ್ತದೆ, ಅಷ್ಟೇ.

ಅಪ್ರದಕ್ಷಿಣೆಯ ಪಾರಿವಾಳ ಒಮ್ಮೆ ಸುಮ್ಮನೆ ನಿಂತಿದ್ದರೂ ಕಾಳು ಬರುತ್ತಿತ್ತು. ನಿಲ್ಲಲಿಲ್ಲ, ಆದ್ದರಿಂದ ತಿಳಿಯಲಿಲ್ಲ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಗೀಳಿನ ಇಬ್ಬರು ರೋಗಿಗಳಿಗೆ ಆ ನಿಲ್ಲುವ ಅವಕಾಶವನ್ನೇ ಕೊಟ್ಟ: ಹೆದರುವುದನ್ನು ಮುಟ್ಟಿ, ಆದರೆ ತೊಳೆಯಬೇಡಿ. ಭಯ ಏರುತ್ತದೆ, ಕಾದರೆ ತಾನಾಗಿ ಇಳಿಯುತ್ತದೆ, ಹೆದರಿದ್ದೂ ನಡೆಯುವುದಿಲ್ಲ. ಇಂದಿಗೂ ಗೀಳಿಗೆ ಮಾತ್ರೆಗಳ ಜೊತೆ ಇದೇ ಮುಖ್ಯ ಚಿಕಿತ್ಸೆ. ತಜ್ಞರ ಜೊತೆ, ಸಣ್ಣ ಭಯದಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಬೆಂಗಳೂರಿಗೆ ಹೋಗುವ ಮೊದಲು ಮಾತಾಡಬೇಕೆನ್ನುವವರು ಟೆಲಿ ಮನಸ್‌ನ 14416 ಸಹಾಯವಾಣಿಗೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಕೇಳಿಸಿಕೊಳ್ಳುತ್ತಾರೆ.