ಪಾಸ್‌ವರ್ಡಿಗೊಂದು ದಾಳ

2019ರ ಅಕ್ಟೋಬರ್‌ನಲ್ಲಿ ಸುಮಾರು ನಲವತ್ತು ವರ್ಷ ಹಳೆಯ ಗುಟ್ಟೊಂದು ಬಯಲಾಯಿತು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಒಂದು ಕಾಲದಲ್ಲಿ ಬಳಸುತ್ತಿದ್ದ ಪಾಸ್‌ವರ್ಡ್ ಅದು. ಹಳೆಯ ಯುನಿಕ್ಸ್ ಕಡತಗಳ ನಡುವೆ ಆ ಕಾಲದ ದಿಗ್ಗಜರ ಪಾಸ್‌ವರ್ಡ್‌ಗಳು ಗೂಢರೂಪದಲ್ಲಿ ಉಳಿದುಕೊಂಡಿದ್ದವು. ಕುತೂಹಲಿಗಳು ಒಂದೊಂದನ್ನೇ ಒಡೆಯುತ್ತ ಬಂದರು. ಸ್ಟೀಫನ್ ಬೋರ್ನ್ ತಮ್ಮ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದರು. ಬ್ರಯನ್ ಕರ್ನಿಘನ್ ಕೀಲಿಮಣೆಯಲ್ಲಿ ಅಕ್ಕಪಕ್ಕ ಇರುವ ಮೂರು ಚಿಹ್ನೆಗಳನ್ನು ಹಿಂದೆಮುಂದೆ ಒತ್ತಿ ಕೆಲಸ ಮುಗಿಸಿದ್ದರು. ಥಾಂಪ್ಸನ್ನರದು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ ಆಟಗಳಿಗೆಂದು ಮಾಡಿದ ಒಂದು ಗ್ರಾಫಿಕ್ಸ್ ಕಾರ್ಡನ್ನು ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಓಡಿಸಿದಾಗ ಎಂಟು ಅಕ್ಷರಗಳ ಉತ್ತರ ಹೊರಬಂತು: 'ಪಿ/ಕ್ಯೂ2-ಕ್ಯೂ4!'

ಚದುರಂಗ ಬಲ್ಲವರಿಗೆ ತಕ್ಷಣ ಅರ್ಥವಾಗುತ್ತದೆ. ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವ ಮೊದಲ ನಡೆ ಅದು, ಹಳೆಯ ಬರವಣಿಗೆಯ ಕ್ರಮದಲ್ಲಿ. ಥಾಂಪ್ಸನ್ ಚದುರಂಗದ ಹುಚ್ಚಿನವರು. ಅವರು ಮತ್ತು ಜೋ ಕಾಂಡನ್ ಕಟ್ಟಿದ 'ಬೆಲ್' ಯಂತ್ರ 1980ರಲ್ಲಿ ಗಣಕ ಚದುರಂಗದ ವಿಶ್ವ ಚಾಂಪಿಯನ್ ಆಗಿತ್ತು. ಗುಟ್ಟು ಒಡೆದವರಿಗೆ ಅವರು ಅಭಿನಂದನೆಯನ್ನೇ ಕಳಿಸಿದರು.

ಇವತ್ತು ಯಾವ ಬ್ಯಾಂಕಿನ ತಾಣಕ್ಕೆ ಹೋದರೂ ಥಾಂಪ್ಸನ್ನರ ಆ ಪಾಸ್‌ವರ್ಡಿಗೆ ಹೆಚ್ಚುಕಡಿಮೆ ಪೂರ್ತಿ ಅಂಕ ಸಿಗುತ್ತದೆ. ಅಕ್ಷರ ಇದೆ, ಅಂಕಿ ಇದೆ, ಚಿಹ್ನೆಗಳು ಒಂದಲ್ಲ ಮೂರು ಬಗೆಯವು ಇವೆ. ಒಂದು ದೊಡ್ಡಕ್ಷರ ಸೇರಿಸಿದರೆ ಹಸಿರು ಪಟ್ಟಿಯೇ ಮೂಡೀತು. ಆದರೂ ಅದು ಒಡೆಯಿತು. ಯಾಕೆಂದರೆ ಅದು ಎಂಟೇ ಅಕ್ಷರಗಳದ್ದು.

ಲೆಕ್ಕ ಹೀಗಿದೆ. ಮಾಮೂಲಿ ಇಂಗ್ಲಿಷ್ ಕೀಲಿಮಣೆಯಿಂದ ಒತ್ತಬಹುದಾದ ಅಕ್ಷರ, ಅಂಕಿ, ಚಿಹ್ನೆಗಳು ಖಾಲಿ ಜಾಗವೂ ಸೇರಿ 95. ಅವುಗಳಿಂದ ಎಂಟು ಸ್ಥಾನ ತುಂಬಲು ಸುಮಾರು 6,634 ಲಕ್ಷ ಕೋಟಿ ದಾರಿಗಳಿವೆ. ಕೇಳಲು ಮಹಾ ಸಂಖ್ಯೆ. ಆದರೆ 'ಎಂಡಿ5'ನಂತಹ ಹಳೆಯ ಗೂಢಲಿಪಿ ವಿಧಾನ ಬಳಸಿದ್ದರೆ, ಈಗಿನ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10,000 ಕೋಟಿಗೂ ಹೆಚ್ಚು ಊಹೆಗಳನ್ನು ಪರೀಕ್ಷಿಸುತ್ತದೆ. ಅಷ್ಟೂ ದಾರಿಗಳನ್ನು ಸವೆಸಲು ಒಂದು ದಿನವೂ ಬೇಡ, ಹದಿನೆಂಟು ಚಿಲ್ಲರೆ ಗಂಟೆ ಸಾಕು.

ಹಾಗಾದರೆ ಮೂರು ಸಲ ತಪ್ಪಾದರೆ ಖಾತೆಗೆ ಬೀಗ ಬೀಳುತ್ತದಲ್ಲ, ಕೋಟಿಗಟ್ಟಲೆ ಊಹಿಸಲು ಬಿಡುವವರು ಯಾರು ಎಂದು ಕೇಳಬಹುದು. ಕಳ್ಳರು ಮುಂಬಾಗಿಲಲ್ಲಿ ನಿಂತು ಊಹಿಸುವುದಿಲ್ಲ. ತಾಣದ ಭಂಡಾರದಿಂದ ಪಾಸ್‌ವರ್ಡ್‌ಗಳ ಪಟ್ಟಿಯನ್ನೇ ಕದ್ದು ಮನೆಗೆ ಒಯ್ದು, ಪುರುಸೊತ್ತಾಗಿ ಕೂತು ಒಡೆಯುತ್ತಾರೆ.

ಈ ಕಳವು ಪಾಸ್‌ವರ್ಡಿನಷ್ಟೇ ಹಳೆಯದು. ಹಲವರು ಒಂದೇ ಗಣಕವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ತಂಡ 1961ರಲ್ಲಿ ತೋರಿಸಿತು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗದಿರಲೆಂದು ಪಾಸ್‌ವರ್ಡ್ ಬಂತು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆಯ ಗಣಕ ಸಮಯ ಸಾಲದಾಯಿತು. ಪಾಸ್‌ವರ್ಡ್ ಕಡತವನ್ನು ಮುದ್ರಿಸಿಕೊಡಿ ಎಂದು ರಂಧ್ರಪತ್ರದಲ್ಲಿ ಕೋರಿಕೆ ಹಾಕಿದರು. ಯಂತ್ರ ವಿಧೇಯವಾಗಿ ಮುದ್ರಿಸಿಕೊಟ್ಟಿತು! 1966ರಲ್ಲಿ ಇನ್ನೂ ಸೊಗಸಾದದ್ದೊಂದು ನಡೆಯಿತು. ತಂತ್ರಾಂಶದ ದೋಷದಿಂದ ಎರಡು ಕಡತಗಳು ಅದಲುಬದಲಾಗಿ, ಒಳಬರುವ ಎಲ್ಲರಿಗೂ ಆ ದಿನದ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಕಾಣಿಸಿದವು.

ಪಾಠ ಸ್ಪಷ್ಟವಾಗಿತ್ತು. ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಡಬಾರದು. ಅದಕ್ಕೆ ಕಂಡುಕೊಂಡ ಉಪಾಯ 'ಹ್ಯಾಶ್'. ಇದು ಹಿಟ್ಟಿನ ಗಿರಣಿಯಿದ್ದಂತೆ: ರಾಗಿ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟನ್ನು ಮತ್ತೆ ರಾಗಿ ಮಾಡುವ ಗಿರಣಿ ಇಲ್ಲ. ಒಂದು ಪಾಸ್‌ವರ್ಡನ್ನು ಎಷ್ಟು ಸಲ ಬೀಸಿದರೂ ಬರುವುದು ಅದೇ ಹಿಟ್ಟು. ತಾಣ ಆ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತದೆ, ನೀವು ಮತ್ತೆ ಬಂದಾಗ ನಿಮ್ಮ ಪಾಸ್‌ವರ್ಡನ್ನು ಬೀಸಿ ಹೋಲಿಸುತ್ತದೆ. ಕಳ್ಳನಿಗೆ ಹಿಟ್ಟು ಸಿಕ್ಕರೆ ಅವನ ಮುಂದಿರುವ ದಾರಿ ಒಂದೇ: ಸಿಕ್ಕಸಿಕ್ಕ ಪದಗಳನ್ನೆಲ್ಲ ತಾನೂ ಬೀಸಿ ನೋಡುವುದು. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹಿಟ್ಟು ಬೇರೆಯಾಗಲೆಂದು ಬೀಸುವ ಮೊದಲು ಪ್ರತಿಯೊಂದಕ್ಕೂ ಬೇರೆಬೇರೆ ಅಂಕಿಗಳನ್ನು ಬೆರೆಸುತ್ತಾರೆ. ಅದರ ಹೆಸರೇ 'ಸಾಲ್ಟ್', ಉಪ್ಪು. ಒಳ್ಳೆಯ ತಾಣಗಳು ಬೇಕೆಂದೇ ನಿಧಾನವಾದ ಗಿರಣಿ ಬಳಸುತ್ತವೆ. 1999ರಲ್ಲಿ ಬಂದ 'ಬಿಕ್ರಿಪ್ಟ್' ಅಂಥದ್ದು. ಅದನ್ನು ಬಿಗಿಯಾಗಿ ಹೊಂದಿಸಿಟ್ಟರೆ ಸೆಕೆಂಡಿಗೆ ಸಾವಿರಾರು ಕೋಟಿ ಊಹೆಗಳ ಓಟ ಕೆಲವೇ ಸಾವಿರಕ್ಕೆ ಇಳಿಯುತ್ತದೆ. ಯಾವ ತಾಣದ ಹಿತ್ತಲಲ್ಲಿ ಯಾವ ಗಿರಣಿ ಇದೆಯೆಂದು ಬಳಕೆದಾರರಿಗೆ ಕಾಣುವುದಿಲ್ಲ ಎನ್ನುವುದೇ ತೊಂದರೆ. 2009ರಲ್ಲಿ 'ರಾಕ್‌ಯೂ' ಎಂಬ ಕಂಪನಿಯಿಂದ 3.2 ಕೋಟಿ ಖಾತೆಗಳ ಮಾಹಿತಿ ಕಳುವಾದಾಗ ತಿಳಿಯಿತು, ಅಲ್ಲಿ ಗಿರಣಿಯೇ ಇರಲಿಲ್ಲ. ಪಾಸ್‌ವರ್ಡ್‌ಗಳು ಇಡಿಯಾಗಿ ಬಿದ್ದಿದ್ದವು. ಸುಮಾರು 2.9 ಲಕ್ಷ ಮಂದಿ '123456' ಇಟ್ಟುಕೊಂಡಿದ್ದರು. ಆ ಪಟ್ಟಿ ಇವತ್ತಿಗೂ ಕಳ್ಳರ ಮೊದಲ ಪಠ್ಯಪುಸ್ತಕ.

ಇಲ್ಲಿ ಬಿಲ್ ಬರ್ ಎಂಬ ಅಧಿಕಾರಿಯ ಕಥೆ ಹೇಳಬೇಕು. ಅಮೆರಿಕದ ಮಾನಕ ಸಂಸ್ಥೆ 'ನಿಸ್ಟ್'ನಲ್ಲಿ ಇದ್ದ ಬರ್ 2003ರಲ್ಲಿ ಪಾಸ್‌ವರ್ಡ್ ಹೇಗಿರಬೇಕೆಂದು ಬರೆದ ಎಂಟು ಪುಟಗಳ ಅನುಬಂಧ ಜಗತ್ತಿನ ಕಚೇರಿಗಳಿಗೆಲ್ಲ ಶಾಸ್ತ್ರವಾಯಿತು. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಚಿಹ್ನೆ ಇರಲಿ, ಆಗಾಗ ಬದಲಾಗಲಿ. ಅವರ ಬಳಿ ಜನರ ನಿಜವಾದ ಪಾಸ್‌ವರ್ಡ್‌ಗಳ ಅಂಕಿಅಂಶ ಹೆಚ್ಚೇನೂ ಇರಲಿಲ್ಲ. 1980ರ ದಶಕದ ಹಳೆಯ ವರದಿಯೇ ಮುಖ್ಯ ಆಧಾರ. ನಿಯಮ ಬಂದಾಗ ಜನ ಮಾಡಿದ್ದೇನು? ಊರಿನ ಹೆಸರಿನ ಮೊದಲ ಅಕ್ಷರ ದೊಡ್ಡದಾಯಿತು, 'ಎ' ಬದಲು @ ಬಂತು, ಬಾಲಕ್ಕೆ 123 ಅಂಟಿತು. ಮೂರು ತಿಂಗಳಾದ ಮೇಲೆ ಅದು 124 ಆಯಿತು. ಕಳ್ಳರ ತಂತ್ರಾಂಶಕ್ಕೆ ಈ ಚಾಳಿಯೆಲ್ಲ ಬಾಯಿಪಾಠ. 2010ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಖಾತೆಗಳ ಮೇಲೆ ಪ್ರಯೋಗ ಮಾಡಿದರು. ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ಶೇಕಡ 17ರಷ್ಟು ಖಾತೆಗಳಲ್ಲಿ ಮುಂದಿನದನ್ನು ಐದು ಊಹೆಗಳೊಳಗೇ ಹಿಡಿಯಬಹುದಿತ್ತು. 2017ರ ಜೂನ್‌ನಲ್ಲಿ ನಿಸ್ಟ್ ಹಳೆಯ ಶಾಸ್ತ್ರವನ್ನು ಕೈಬಿಟ್ಟಿತು. ಉದ್ದವಿರಲಿ, ಕಳುವಾದ ಪಟ್ಟಿಗಳಲ್ಲಿ ಇಲ್ಲದ್ದಾಗಿರಲಿ, ಸೋರಿದ ಅನುಮಾನವಿಲ್ಲದೆ ಸುಮ್ಮನೆ ಬದಲಿಸಲು ಹೇಳಬೇಡಿ ಎಂದಿತು. ನಿವೃತ್ತರಾಗಿದ್ದ ಬರ್ ತಾವು ಬರೆದದ್ದರ ಬಹುಪಾಲಿಗೆ ಈಗ ಪಶ್ಚಾತ್ತಾಪವಿದೆ ಎಂದು ಅದೇ ವರ್ಷ ಪತ್ರಿಕೆಯೊಂದಕ್ಕೆ ಹೇಳಿದರು. ನಮ್ಮ ಎಷ್ಟೋ ಕಚೇರಿಗಳ ತಂತ್ರಾಂಶಗಳು ಮಾತ್ರ 2003ರಲ್ಲೇ ನಿಂತಿವೆ.

ಉದ್ದ ಎಂದರೆ ಎಷ್ಟು, ನೆನಪಿಟ್ಟುಕೊಳ್ಳುವುದು ಹೇಗೆ? ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಇದಕ್ಕೆ 'ಡೈಸ್‌ವೇರ್' ಎಂಬ ಸರಳ ಉಪಾಯ ಕೊಟ್ಟರು. 7,776 ಪದಗಳ ಒಂದು ಪಟ್ಟಿ. ಯಾಕೆ ಅಷ್ಟೇ? ದಾಳವನ್ನು ಐದು ಸಲ ಎಸೆದರೆ ಬೀಳಬಹುದಾದ ಸಾಲುಗಳು ಅಷ್ಟು. ಐದು ಎಸೆತಕ್ಕೆ ಒಂದು ಪದ, ಆರು ಪದಗಳಿಗೆ ಮೂವತ್ತು ಎಸೆತ. ಪದಗಳು ಸರಳ, ಪಟ್ಟಿಯೂ ಬಹಿರಂಗ. ಹಾಗಿದ್ದೂ ಆರು ಪದಗಳ ಅಷ್ಟೂ ಜೋಡಣೆಗಳನ್ನು ಸವೆಸಲು ಮೇಲೆ ಹೇಳಿದ ವೇಗದಲ್ಲಿ ಸುಮಾರು 70,000 ವರ್ಷ ಬೇಕು. ಐದು ಪದಗಳಾದರೆ ಒಂಬತ್ತು ವರ್ಷ. ನಾಲ್ಕೇ ಆದರೆ ಹತ್ತು ಗಂಟೆ! ನಾಲ್ಕು ಪದ ಸಾಕೆಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ನಿಧಾನ ಗಿರಣಿಯಿರುವ ಕಡೆ ಅದು ನಿಜ, ಎಲ್ಲ ಕಡೆ ಅಲ್ಲ.

ದಾಳವೇ ಏಕೆ ಎಂದರೆ, ಮನುಷ್ಯ ಯೋಚಿಸಿ ಆರಿಸಿದ ಪದಗಳಲ್ಲಿ ಮನೆಯವರ ಹೆಸರು, ದೇವರ ಹೆಸರು, ಸಿನಿಮಾ ಹಾಡಿನ ಸಾಲು ನುಸುಳದೆ ಇರುವುದಿಲ್ಲ. ಚೌಕಾಬಾರದ ಕವಡೆಯೂ ಇಲ್ಲಿ ಕೆಲಸಕ್ಕೆ ಬಾರದು. ನಾಲ್ಕು ಕವಡೆ ಎಸೆದಾಗ, ಎರಡೂ ಮಗ್ಗುಲು ಸಮಾನವಾಗಿ ಬೀಳುತ್ತವೆಂದೇ ಇಟ್ಟುಕೊಂಡರೂ, ಎರಡು ಬೀಳುವ ಅವಕಾಶ 16ರಲ್ಲಿ 6, ಚೌಕ ಬೀಳುವುದು 16ರಲ್ಲಿ 1. ಆಟದ ಮಜಾ ಇರುವುದೇ ಆ ಅಸಮಾನತೆಯಲ್ಲಿ. ಪಾಸ್‌ವರ್ಡಿಗೆ ಬೇಕಾದದ್ದು ಆರೂ ಮುಖ ಸಮನಾದ ದಾಳ. ಹಾವು ಏಣಿ ಆಟದ ಡಬ್ಬಿಯಲ್ಲಿರುವುದು ಸಾಕು.

ಕನ್ನಡ ಪದಗಳನ್ನೇ ಬಳಸಬಹುದೆ? ಖಂಡಿತ. ವಿ. ಕೃಷ್ಣ ಅವರ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಒಂದೂವರೆ ಲಕ್ಷದಷ್ಟು ಪದಗಳೊಡನೆ ಮುಕ್ತವಾಗಿ ಸಿಗುತ್ತದೆ. ಗಣಕ ಬಲ್ಲವರು ಅದರಿಂದ 7,776 ಸುಲಭ ಪದಗಳನ್ನು ಸೋಸಿ ಪಟ್ಟಿ ಮಾಡಿಕೊಳ್ಳಬಹುದು. ಮೊರ, ನೇಗಿಲು, ಒಗ್ಗರಣೆ, ಮಿಂಚು, ಗುಬ್ಬಿ, ಸಂತೆ ಎಂದು ದಾಳ ಬಿದ್ದರೆ ಒಮ್ಮೆ ನಕ್ಕವರು ಅದನ್ನು ಮರೆಯುವುದು ಕಷ್ಟ. (ಇಲ್ಲಿ ಅಚ್ಚಾದ ಮೇಲೆ ಅದು ಗುಟ್ಟಲ್ಲ, ಯಾರೂ ಇದನ್ನೇ ಇಟ್ಟುಕೊಳ್ಳಬೇಡಿ.) ಆದರೆ ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು ಕ್ಷೇಮ, ಒಂದೇ ಕಾಗುಣಿತಕ್ಕೆ ಅಂಟಿಕೊಂಡು.

ಅದಕ್ಕೆ ಕಾರಣ ಭಾಷೆಯ ಮೇಲಿನ ತಾತ್ಸಾರವಲ್ಲ, ಯುನಿಕೋಡಿನ ಒಂದು ಸೂಕ್ಷ್ಮ. 'ಕೊ' ಎಂಬ ಅಕ್ಷರವನ್ನೇ ನೋಡಿ. ಅದರ ಒತ್ವ ಗಣಕದಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳು ಕೂಡಿಯೂ ಆಗಬಹುದು. 'ಕೋ' ಎಂಬಲ್ಲಿ ಮೂರು ಸಂಕೇತಗಳೂ ಸೇರಬಹುದು. ಕಣ್ಣಿಗೆ ಎಲ್ಲವೂ ಒಂದೇ, ಗಿರಣಿಗೆ ಬೇರೆಬೇರೆ ಧಾನ್ಯ. ತಾಣದವರು ಬೀಸುವ ಮೊದಲು ಇವನ್ನು ಏಕರೂಪಕ್ಕೆ ತರದಿದ್ದರೆ ಫೋನಿನಲ್ಲಿ ಇಟ್ಟ 'ಕೋಳಿ' ಇನ್ನೊಂದು ಕೀಲಿಮಣೆಯಿಂದ ಹೋದಾಗ ತಪ್ಪು ಪಾಸ್‌ವರ್ಡ್ ಎನಿಸಿಕೊಳ್ಳಬಹುದು. ಏಕರೂಪಕ್ಕೆ ತನ್ನಿ ಎಂದು ನಿಸ್ಟ್ ಕೂಡ ಹೇಳುತ್ತದೆ. ಹೇಳಿದ್ದನ್ನು ಎಲ್ಲರೂ ಕೇಳಬೇಕಲ್ಲ.

ಉದ್ದದಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಒಂದು ಬೀಗದ ಕೈ ಇನ್ನೊಂದು ಬೀಗಕ್ಕೆ ಬರಬಾರದು. 2012ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿಯ ಉದ್ಯೋಗಿಯೊಬ್ಬರು ಬೇರೆ ತಾಣದಲ್ಲಿ ಬಳಸಿದ್ದ ಪಾಸ್‌ವರ್ಡನ್ನೇ ಕಚೇರಿ ಖಾತೆಗೂ ಇಟ್ಟಿದ್ದರು. ಅಲ್ಲಿ ಸೋರಿದ್ದು ಇಲ್ಲಿ ಬಾಗಿಲು ತೆರೆಯಿತು. 6.8 ಕೋಟಿ ಬಳಕೆದಾರರ ವಿವರ ಹೊರಗೆ ಹೋಗಿರುವುದು 2016ರಲ್ಲಿ ಬಯಲಾಯಿತು.

ಆದರೆ ಐವತ್ತು ಖಾತೆಗೆ ಐವತ್ತು ಸಲ ಮೂವತ್ತು ಎಸೆತ ಯಾರೂ ಎಸೆಯರು. ಎಸೆಯಬೇಕಾಗಿಯೂ ಇಲ್ಲ. ಪಾಸ್‌ವರ್ಡ್ ಮ್ಯಾನೇಜರ್ ತಂತ್ರಾಂಶಗಳು ಪ್ರತಿ ತಾಣಕ್ಕೂ ಇಪ್ಪತ್ತು ಅಕ್ಷರಗಳ ಅರ್ಥಹೀನ ಪಾಸ್‌ವರ್ಡ್ ಹುಟ್ಟಿಸಿ, ಗೂಢಲಿಪಿಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತವೆ. ದಾಳದ ಆರು ಪದ ಆ ಪೆಟ್ಟಿಗೆಗೆ ಮಾತ್ರ. ಮುಕ್ತ ಆಕರದ 'ಕೀಪಾಸ್' 2003ರಿಂದ ಉಚಿತವಾಗಿದೆ, ಪೆಟ್ಟಿಗೆ ನಿಮ್ಮ ಗಣಕದಲ್ಲೇ ಇರುತ್ತದೆ. ನಕಲು ಕಾಪಿಟ್ಟುಕೊಳ್ಳುವ ಹೊಣೆಯೂ ನಿಮ್ಮದೇ. 'ಬಿಟ್‌ವಾರ್ಡನ್' ಪೆಟ್ಟಿಗೆಯನ್ನು ತನ್ನ ಸರ್ವರಿನಲ್ಲಿ ಇಟ್ಟು ಫೋನಿಗೂ ಗಣಕಕ್ಕೂ ಹೊಂದಿಸುತ್ತದೆ. ಎಲ್ಲ ಮೊಟ್ಟೆಯೂ ಒಂದೇ ಬುಟ್ಟಿಯಲ್ಲಿ ಎಂಬ ಭಯ ಹುಸಿಯಲ್ಲ. 2022ರಲ್ಲಿ 'ಲಾಸ್ಟ್‌ಪಾಸ್' ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ನಕಲುಗಳೇ ಕಳುವಾದವು. ಗೂಢಲಿಪಿ ಇದ್ದದ್ದರಿಂದ ಪೆಟ್ಟಿಗೆಯ ಪಾಸ್‌ವರ್ಡ್ ಗಟ್ಟಿ ಇದ್ದವರಿಗೂ ಸಡಿಲ ಇದ್ದವರಿಗೂ ನಡುವಿನ ಅಂತರ ಆಗ ಬಹಳ ದೊಡ್ಡದಾಯಿತು. ಇನ್ನು ವಯಸ್ಸಾದವರಿಗೆ ತಂತ್ರಾಂಶ ಬೇಡವೆನಿಸಿದರೆ, ಒಂದು ನೋಟ್‌ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡುವುದು ನಗುವ ವಿಷಯವೇನಲ್ಲ. ದೂರದೇಶದ ಕಳ್ಳನಿಗೆ ಆ ಬೀರು ಎಟಕುವುದಿಲ್ಲ.

ಈಗಿರುವ ಪಾಸ್‌ವರ್ಡ್ ಆಗಲೇ ಸೋರಿದೆಯೇ ಎಂದು ತಿಳಿಯಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ 'ಹ್ಯಾವ್ ಐ ಬೀನ್ ಪೋನ್ಡ್' ಇದೆ. ಪರೀಕ್ಷೆಗೆಂದು ಪಾಸ್‌ವರ್ಡನ್ನೇ ಅಪರಿಚಿತರಿಗೆ ಕೊಡುವುದು ಹೇಗೆ? ಅಲ್ಲೊಂದು ಜಾಣತನವಿದೆ. ನಿಮ್ಮ ಬ್ರೌಸರೇ ಪಾಸ್‌ವರ್ಡನ್ನು ಬೀಸಿ, ಬಂದ 40 ಅಂಕೆಗಳಲ್ಲಿ ಮೊದಲ ಐದನ್ನಷ್ಟೇ ಕಳಿಸುತ್ತದೆ. ಆ ಐದರಿಂದ ಆರಂಭವಾಗುವ ಸೋರಿದ ಹಿಟ್ಟುಗಳ ಪಟ್ಟಿ ವಾಪಸು ಬರುತ್ತದೆ, ನೂರಾರು ಸಾಲುಗಳದ್ದು. ಹೋಲಿಕೆ ನಡೆಯುವುದು ನಿಮ್ಮ ಗಣಕದಲ್ಲೇ. ಮನೆಯ ನಂಬರು ಹೇಳದೆ ಇಡೀ ಬೀದಿಯ ಟಪಾಲು ತರಿಸಿಕೊಂಡು ತಮ್ಮದನ್ನು ಹೆಕ್ಕಿಕೊಂಡ ಹಾಗೆ. ಕೇಳಿದವರು ಯಾರೆಂಬುದು ಟಪಾಲಿನವನಿಗೆ ಗೊತ್ತು, ಯಾವ ಮನೆ ಎಂಬುದಲ್ಲ.

2022ರ ಮೇ ತಿಂಗಳಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ಬೆಂಬಲ ಘೋಷಿಸಿದ 'ಪಾಸ್‌ಕೀ' ಈ ಗೋಜಲಿನಿಂದಲೇ ಹೊರಬರುವ ದಾರಿ. ಅದರಲ್ಲಿ ಗುಟ್ಟು ನಿಮ್ಮ ಸಾಧನದಲ್ಲೋ ಮ್ಯಾನೇಜರಿನಲ್ಲೋ ಉಳಿಯುತ್ತದೆ. ತಾಣದ ಬಳಿ ಇರುವುದು ಸಹಿಯನ್ನು ಪರೀಕ್ಷಿಸುವ ಸಾಮಗ್ರಿ ಮಾತ್ರ, ಕದ್ದರೂ ಬೀಸಲು ಏನೂ ಇಲ್ಲ. ಒಂದು ತಾಣಕ್ಕೆಂದು ಹುಟ್ಟಿದ ಕೀಲಿ ಅದರ ನಕಲಿ ತಾಣದಲ್ಲಿ ತಿರುಗುವುದೇ ಇಲ್ಲ. ಓಟಿಪಿಗೆ ಈ ಗುಣವಿಲ್ಲ, ಅದನ್ನು ನಕಲಿ ಪುಟದಲ್ಲೂ ತುಂಬಿಬಿಡಬಹುದು. ಪಾಸ್‌ಕೀ ಕೇಳುವ ತಾಣ ಸಿಕ್ಕಾಗ 'ಆಮೇಲೆ' ಎಂದು ಒತ್ತದೆ ಒಪ್ಪಿಕೊಳ್ಳಿ.

ಎಲ್ಲವನ್ನೂ ಒಂದೇ ದಿನ ಬದಲಿಸುವುದು ಬೇಡ. ಮೊದಲು ಇಮೇಲ್ ಖಾತೆಯದನ್ನು ಬದಲಿಸಿ. ಬ್ಯಾಂಕು, ಅಂಗಡಿ, ಟಿಕೆಟ್ಟು, ಯಾವ ಪಾಸ್‌ವರ್ಡ್ ಮರೆತರೂ ಹೊಸದನ್ನು ಪಡೆಯುವ ಕೊಂಡಿ ಬಂದು ಬೀಳುವುದು ಹೆಚ್ಚಾಗಿ ಅಲ್ಲಿಗೇ. ಹಾವು ಏಣಿಯ ಡಬ್ಬಿ ಅಟ್ಟದ ಮೇಲಿದ್ದರೆ ಈ ಭಾನುವಾರ ಕೆಳಗಿಳಿಸಿ.